ತೂತಿಲ್ಲದ ನಳಿಗೆ

ರಟ್ಟಿನ ಉದ್ದ ಕೊಳವೆಯ ಮುಚ್ಚಳ ತೆಗೆದು ರಯ್ಯಾ ಒಳಗಿದ್ದ ನಳಿಗೆಯನ್ನು ಹೊರಗೆಳೆದಳು. ಸುತ್ತಿದ್ದ ಎಣ್ಣೆಬಟ್ಟೆ ಬಿಡಿಸಿದಳು. ಬೆಳಕಿಗೆ ಹಿಡಿದು ಒಳಗೆ ಇಣುಕಬೇಕೆಂದು ಕಣ್ಣಿನ ಹತ್ತಿರ ತಂದವಳು ಹಾಗೆಯೇ ನಿಂತುಬಿಟ್ಟಳು.

ಇಣುಕಲು ತೂತೇ ಇರಲಿಲ್ಲ.

ತಿರುಗಿಸಿ ಇನ್ನೊಂದು ತುದಿ ನೋಡಿದಳು. ಅಲ್ಲಿಯೂ ಇಲ್ಲ. ಅವಳ ಕೈಯಲ್ಲಿದ್ದದ್ದು ರೈಫಲ್ಲಿನ ನಳಿಗೆಯಲ್ಲ — ಅಷ್ಟೇ ಉದ್ದದ, ಹೆಚ್ಚುಕಡಿಮೆ ಅಷ್ಟೇ ಭಾರದ, ಗಟ್ಟಿ ಉಕ್ಕಿನ ಸಲಾಕೆ.

ಮಸ್ಕತ್ತಿನ ವಾದಿ ಕಬೀರಿನ ಗ್ಯಾರೇಜುಗಳ ಸಾಲಿನಲ್ಲಿ ಖಲ್ಫಾನನ ವರ್ಕ್‌ಶಾಪ್ ಹೊರಗಿನಿಂದ ಇನ್ನೊಂದು ಗ್ಯಾರೇಜಿನಂತೆಯೇ ಕಾಣುತ್ತದೆ. ಆದರೆ ಅಲ್ಲಿ ರಿಪೇರಿಯಾಗುವುದು ಕಾರುಗಳಲ್ಲ, ಶೂಟಿಂಗ್ ಸ್ಪರ್ಧೆಗಳ ರೈಫಲ್ಲುಗಳು. ಅದಕ್ಕೆ ಪರವಾನಗಿ ಇದೆ, ಬಾಗಿಲಲ್ಲಿ ಕ್ಯಾಮೆರಾ ಇದೆ, ಒಳಗೆ ಬೀಗ ಹಾಕಿದ ಉಕ್ಕಿನ ಬೀರು ಇದೆ. ಆ ಬೀರುವಿನಿಂದ ನಳಿಗೆಯೊಂದು ಮಾಯವಾಗಿದೆ ಎಂದರೆ ಅದು ಬರೀ ಕಳ್ಳತನವಲ್ಲ. ನಳಿಗೆ ಆಯುಧದ ಭಾಗ. ಪೊಲೀಸರಿಗೆ ತಿಳಿಸಲೇಬೇಕು. ತಿಳಿಸಿದರೆ ಅಂಗಡಿಗೆ ಬೀಗ, ಕೆಲಸಗಾರರ ವಿಚಾರಣೆ. ಆಮೇಲೆ ಯಾರ ವೀಸಾ ಉಳಿದೀತು, ಯಾರದು ಹೋದೀತು ಎಂದು ಹೇಳುವವರಿಲ್ಲ.

ಖಲ್ಫಾನ್ ಕೂಗಾಡುವ ಮನುಷ್ಯನಲ್ಲ. ರಯ್ಯಾಳನ್ನು ಕುರ್ಚಿಯಲ್ಲಿ ಕೂರಿಸಿ, ಇಳಿಹೊತ್ತಿನ ಅಸರ್ ನಮಾಜು ಮುಗಿದ ಕೂಡಲೇ ಠಾಣೆಗೆ ಹೋಗುತ್ತೇನೆ, ಅಷ್ಟರೊಳಗೆ ಒಬ್ಬರನ್ನು ಕರೆಸಿ ನೋಡುತ್ತೇನೆ ಎಂದ. ಆಮೇಲೆ ಬಸಯ್ಯನಿಗೆ ಫೋನು ಮಾಡಿದ.

ಬಸಯ್ಯ ಪತ್ತೇದಾರನಲ್ಲ. ಇಳಕಲ್ಲಿನ ಕಡೆಯವನು, ಹೆಂಡತಿ ಮಾಧುರಿಯೊಂದಿಗೆ ಅಲ್ ಹೈಲ್‌ನಲ್ಲಿ ವಾಸ. ತೆಳ್ಳನೆಯ ಕೇಬಲ್ಲಿನ ತುದಿಗಿರುವ ಕ್ಯಾಮೆರಾವನ್ನು ತೈಲದ ಕೊಳವೆಗಳೊಳಗೆ ಬಿಟ್ಟು ಬಿರುಕು ಹುಡುಕುವುದು ಅವನ ಉದ್ಯೋಗ. ಖಲ್ಫಾನನ ಅಣ್ಣನ ಕಂಪನಿಯಲ್ಲಿ ಒಮ್ಮೆ ತಾಮ್ರದ ಕೇಬಲ್ ಕಳುವಾದಾಗ, ಬೇಲಿ ಕತ್ತರಿಸಿದ್ದು ಹೊರಗಿನಿಂದಲ್ಲ ಒಳಗಿನಿಂದ ಎಂದು ತೋರಿಸಿಕೊಟ್ಟವನು ಅವನೇ. ಅಂದಿನಿಂದ ಏನಾದರೂ ಕಾಣೆಯಾದರೆ ಜನಕ್ಕೆ ಅವನ ನೆನಪು ಬರುತ್ತಿತ್ತು. ಅವನಿಗೂ ಅದು ಒಳಗೊಳಗೇ ಖುಷಿ ಕೊಡುತ್ತಿತ್ತು.

ಖಲ್ಫಾನನ ವರ್ಕ್‌ಶಾಪಿಗೂ ಅವನಿಗೂ ಇನ್ನೊಂದು ನಂಟಿತ್ತು. ಅಲ್ಲಿ ಲೋಹ ಕಡೆಯುವ ಲೇಥ್ ಮೇಲೆ ಕೆಲಸ ಮಾಡುವ ಆಕಾಶ ಮಾಧುರಿಯ ತಮ್ಮ. ಆ ಕೆಲಸ ಕೊಡಿಸಿದವನು ಬಸಯ್ಯನೇ.

ಬಸಯ್ಯ ಬಂದವನೇ ಮೊದಲು ಸಲಾಕೆಯನ್ನು ಕೈಗೆತ್ತಿಕೊಂಡ. ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಸವರಿದ. ಗರಗಸದಲ್ಲಿ ಕೊಯ್ದ ಒರಟು ಇರಲಿಲ್ಲ. ತುದಿಗಳು ನುಣುಪಾಗಿದ್ದವು, ಅಂಚುಗಳನ್ನು ಕೈಗೆ ತಾಗದಂತೆ ಓರೆಯಾಗಿ ಸವೆಸಲಾಗಿತ್ತು.

"ಇದನ್ನ ಲೇಥಿಗೆ ಹಾಕ್ಯಾರ," ಎಂದ.

ಆಕಾಶ ಪಕ್ಕದಲ್ಲೇ ನಿಂತಿದ್ದ. ಈ ಬೀದಿಯಲ್ಲಿ ಲೇಥ್ ಇಲ್ಲದ ಅಂಗಡಿಯೇ ಕಡಿಮೆ, ಯಾರು ಬೇಕಾದರೂ ಮಾಡಿಸಿರಬಹುದು ಎಂದ. ಮಾತು ಸರಿಯಾಗಿಯೇ ಇತ್ತು. ಬಸಯ್ಯ ಸಲಾಕೆ ಕೆಳಗಿಟ್ಟ.

ಮೊದಲು ಅವನಿಗೆ ತಿಳಿಯಬೇಕಾಗಿದ್ದದ್ದು ಆ ನಳಿಗೆಯ ಕಥೆ. ಅದನ್ನು ರಯ್ಯಾಳೇ ಹೇಳಿದಳು. ಅವಳು ಸಹಮ್‌ನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಕ್ಲಬ್ಬಿನ ಹಳೆಯ ರೈಫಲ್ ಹಿಡಿದು ಶೂಟಿಂಗ್ ಕಲಿತು, ಈ ಚಳಿಗಾಲದ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಹೊಸ ರೈಫಲ್ ಕೊಳ್ಳುವ ಶಕ್ತಿ ಮನೆಯವರಿಗಿರಲಿಲ್ಲ. ಆದ್ದರಿಂದ ತನಗೆ ಹೊಂದುವಂತೆ ಒಂದನ್ನು ಕಟ್ಟಿಸುವುದೆಂದು ತೀರ್ಮಾನವಾಯಿತು. ನಿವೃತ್ತ ಶೂಟರ್ ಒಬ್ಬರಿಂದ ಗುಂಡು ಹಾರಿಸುವ ಯಂತ್ರಭಾಗವೂ ಮರದ ಹಿಡಿಯೂ ಸಿಕ್ಕವು. ಉಳಿದದ್ದು ನಳಿಗೆ. ರೈಫಲ್ಲಿಗೆ ಅದೇ ಪ್ರಾಣ, ಅದೇ ದುಬಾರಿ.

ಮಂಗಳೂರಿನ ಅಫ್ವಾನ್ ಕ್ರೀಡಾ ಸಾಮಾನು ತರಿಸಿಕೊಡುವ ಏಜೆಂಟ್. ಅವನು ಯುರೋಪಿನ ಹೆಸರಾಂತ ನಳಿಗೆಯೊಂದನ್ನು ತೋರಿಸಿದ್ದ. ರಯ್ಯಾಳ ಕೋಚ್ ಕೂಡ ಅದನ್ನೇ ಹೇಳಿದ್ದರು. ಬೆಲೆ ಕೇಳಿ ಅವಳು ಸುಮ್ಮನಾಗಿದ್ದಳು. ಆಗ ಆಕಾಶ ಇನ್ನೊಂದನ್ನು ಸೂಚಿಸಿದ್ದ: ಒಂದು ಚಿಕ್ಕ ಕಂಪನಿಯದು, ಹೆಚ್ಚು ಜನ ಹೆಸರು ಕೇಳದ್ದು, ಬೆಲೆ ಅರ್ಧಕ್ಕಿಂತ ಕಡಿಮೆ.

"ಅವನು ನನಗೆ ಚೆನ್ನಾಗಿ ವಿವರಿಸಿದ," ಎಂದಳು ರಯ್ಯಾ ಇಂಗ್ಲಿಷಿನಲ್ಲಿ. ಕಡಿಮೆ ಬೆಲೆಯದು ಎಂದು ನಾಚಿಕೊಳ್ಳಬೇಕಾಗಿಲ್ಲ ಎಂದಿದ್ದನಂತೆ. ಉಕ್ಕು ಅದೇ. ಒಳಗಿನ ಕೊರೆತ ಅಳತೆಗೆ ಸರಿಯಾಗಿದೆಯೇ ಎಂಬುದಷ್ಟೇ ಮುಖ್ಯ; ಆ ಕಂಪನಿಯವರು ಅದರಲ್ಲಿ ಪ್ರಾಮಾಣಿಕರು. ಉಳಿದ ಅರ್ಧ ಗುರಿ ಇರುವುದು ನಳಿಗೆಯನ್ನು ರೈಫಲ್ಲಿಗೆ ಹೊಂದಿಸುವ ಕೈಯಲ್ಲಿ. ಆ ಕೈ ನನ್ನದು, ನಂಬಿ — ಎಂದಿದ್ದನಂತೆ. ಕೋಚ್ ಮಾತು ಮೀರಿ, ಅಣ್ಣಂದಿರ ಗೇಲಿ ಸಹಿಸಿ ಅವಳು ಅದನ್ನೇ ತರಿಸಿದ್ದಳು. ಈ ದಿನ ಮಸ್ಕತ್ತಿಗೆ ಬೇರೆ ಕೆಲಸಕ್ಕೆ ಬಂದವಳು, ಒಮ್ಮೆ ನೋಡಿ ಹೋಗೋಣ ಎಂದು ಹೇಳದೆ ಕೇಳದೆ ಬಂದಿದ್ದಳು.

ಆಕಾಶ ತಲೆ ತಗ್ಗಿಸಿ ಕೇಳುತ್ತಿದ್ದ. ಹೊಗಳಿಕೆಗೆ ಸಂಕೋಚಪಡುತ್ತಿದ್ದಾನೆ ಎಂದುಕೊಂಡ ಬಸಯ್ಯ.

"ನೀ ಅದನ್ನ ಕಡೀಕ ನೋಡಿದ್ದು ಯಾವಾಗ?"

"ಬಂದ ದಿನ ಮಾಮಾ. ತೆಗದು ನೋಡಿ, ಒರಸಿ, ಮತ್ತ ಕೊಳವಿಯೊಳಗ ಇಟ್ಟೆ. ಕೆಲಸ ಇನ್ನೂ ಸುರು ಮಾಡಿಲ್ಲ."

"ಆಮ್ಯಾಲ ಮುಟ್ಟೇ ಇಲ್ಲ?"

"ಇಲ್ರಿ."

"ಬೀರುವಿನ ಕೀಲಿ ಯಾರ ಹತ್ರ ಇರ್ತೈತಿ?"

ಆಕಾಶ ಸ್ಟೋರಿನ ಕಡೆ ನೋಡಿದ. "ಸ್ಟೋರ್ ನೋಡ್ಕೊಳ್ಳೂ ಸ್ಟ್ಯಾನ್ಲಿ ಸರ್ ಹತ್ರ ಅಷ್ಟ."

ಕೆಲಸ ಹೇಗೆ ಮಾಡುತ್ತೀ ಎಂದು ಬಸಯ್ಯ ಕೇಳಿದ. ಆಕಾಶ ತನ್ನ ಮೇಜಿನ ಡ್ರಾಯರ್ ಎಳೆದು ಬೆರಳುದ್ದದ ಒಂದು ಉಪಕರಣ ತೋರಿಸಿದ. ಅದು ರೀಮರ್. ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಗೂಡನ್ನು ಕೊರೆಯುವುದು ಅದರಿಂದಲೇ. ಈ ರೈಫಲ್ಲಿನ ಅಳತೆಯದು ವರ್ಕ್‌ಶಾಪಿನಲ್ಲಿ ಇರಲಿಲ್ಲ. ಈ ಕೆಲಸಕ್ಕೆಂದೇ ಹೊಸದಾಗಿ ತರಿಸಿದ್ದು, ಇನ್ನೂ ಯಾವ ಉಕ್ಕನ್ನೂ ಮುಟ್ಟಿಲ್ಲ ಎಂದ. ಬಸಯ್ಯ ಅದನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದ. ಚೂಪಾದ ಅಂಚುಗಳ ನಡುವಿನ ಸಣ್ಣ ಕಾಲುವೆಗಳಲ್ಲಿ ಎಣ್ಣೆ ಹೊಳೆಯುತ್ತಿತ್ತು. ವಾಪಸು ಕೊಟ್ಟು, ಎಣ್ಣೆಯಾದ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಅವನ ತಲೆಯಲ್ಲಿ ಆಗ ಕೀಲಿ ಒಂದೇ ಇತ್ತು.

ಅಫ್ವಾನನನ್ನು ಕರೆಸಲಾಯಿತು. ಅವನು ಬೆವರು ಒರೆಸಿಕೊಳ್ಳುತ್ತ ಬಂದ. ದುಬಾರಿ ನಳಿಗೆ ಮಾರಾಟವಾಗದ ಸಿಟ್ಟಿಗೆ ನೀನೇ ಈ ಆಟ ಆಡಿದೆಯಾ ಎಂದು ಖಲ್ಫಾನ್ ಅರ್ಧ ಉರ್ದುವಿನಲ್ಲಿ ಕೇಳಿದ. ಅಫ್ವಾನ್ ನಗಲು ಹೋಗಿ ಬಿಟ್ಟ. ಆ ಕಡಿಮೆ ಬೆಲೆಯದನ್ನೂ ತರಿಸಿಕೊಟ್ಟವನು ನಾನೇ ಅಲ್ಲವೇ, ನನ್ನ ಹೆಸರಿನಲ್ಲೇ ಅದು ಬಂದರು ದಾಟಿದೆ, ಕಳುವಾದರೆ ಮೊದಲು ಬೀಳುವುದು ನನ್ನ ಕುತ್ತಿಗೆಗೆ ಎಂದ. ಆಮೇಲೆ ದನಿ ತಗ್ಗಿಸಿ ಬಸಯ್ಯನನ್ನು ಬದಿಗೆ ಕರೆದ.

"ಸರ್, ನಾನು ಹೇಳಿದ್ದು ಅಂತ ಬೇಡ. ಶನಿವಾರ ರಜೆಯಲ್ಲ? ನಾನು ಈ ದಾರಿಯಲ್ಲಿ ಹೋಗುವಾಗ ಸ್ಟ್ಯಾನ್ಲಿಯವರ ಕಾರು ಇಲ್ಲಿತ್ತು. ಒಳಗಿನಿಂದ ಉದ್ದದ್ದು ಎಂತದೋ ತಂದು ಡಿಕ್ಕಿಗೆ ಹಾಕಿದರು. ಕಂಬಳಿಯಲ್ಲಿ ಸುತ್ತಿತ್ತು."

"ಎಷ್ಟ ಉದ್ದ?"

ಅಫ್ವಾನ್ ಎರಡೂ ಕೈ ಅಗಲಿಸಿ ತೋರಿಸಿದ. ನಳಿಗೆಯಷ್ಟೇ ಉದ್ದ.

ಕೀಲಿ ಇರುವವನು. ರಜೆಯ ದಿನ ಒಬ್ಬನೇ ಬಂದವನು. ಉದ್ದದ ವಸ್ತು ಸುತ್ತಿಕೊಂಡು ಹೋದವನು. ಬಸಯ್ಯನಿಗೆ ಇನ್ನೇನು ಬೇಕಿತ್ತು?

ಸ್ಟ್ಯಾನ್ಲಿ ಉಡುಪಿ ಕಡೆಯ ಕ್ರಿಶ್ಚಿಯನ್, ಐವತ್ತು ದಾಟಿದ ಸ್ಟೋರ್‌ಕೀಪರ್. ಖಲ್ಫಾನನ ತಂದೆಯ ಕಾಲದಿಂದ ಅಲ್ಲೇ ಇರುವವನು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಸ್ವಭಾವ. ಶನಿವಾರ ಬಂದದ್ದು ಹೌದು ಎಂದ. ಏತಕ್ಕೆ ಎಂದರೆ, ಸ್ವಂತ ಕೆಲಸ ಎಂದ. ಖಲ್ಫಾನನಿಗೆ ಹೇಳಿದ್ದೆಯಾ ಎಂದರೆ, ಇಲ್ಲ ಎಂದ. ಕಾರಿನಲ್ಲಿ ಇಟ್ಟದ್ದೇನು ಎಂದರೆ ಸುಮ್ಮನಾದ.

"ಅದು ಇನ್ನೂ ಡಿಕ್ಕಿಯೊಳಗ ಐತೇನ್ರಿ?"

"ಉಂಟು."

"ತಗದು ತೋರಸ್ರಿ."

"ಬೇಡ ಸರ್. ಅದು ಮನೆಯದ್ದು."

"ಬೇಡ ಅಂದ್ರ ಸಂಶಯ ಹೆಚ್ಚಾಗ್ತೈತ್ರಿ, ಸ್ಟ್ಯಾನ್ಲಿಯವರ."

ಎಲ್ಲರೂ ಹೊರಗೆ ಬಂದರು — ಖಲ್ಫಾನ್, ರಯ್ಯಾ, ಅಫ್ವಾನ್, ಆಕಾಶ. ಸ್ಟ್ಯಾನ್ಲಿ ಮನಸ್ಸಿಲ್ಲದೆ ಡಿಕ್ಕಿ ತೆರೆದ. ಪಕ್ಕದ ಗ್ಯಾರೇಜಿನವರೂ ಕೆಲಸ ಬಿಟ್ಟು ನೋಡುತ್ತಿದ್ದರು. ಅದೇ ಹೊತ್ತಿಗೆ ಸ್ಟ್ಯಾನ್ಲಿಯ ಹೆಂಡತಿ ಇಸಾಬೆಲ್ಲಾ ಊಟದ ಡಬ್ಬಿ ಹಿಡಿದು ರಸ್ತೆಯಂಚಿನಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದಳು. ಹತ್ತಿರದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಗಂಡನ ಮುಖ ನೋಡಿದಳು, ತೆರೆದ ಡಿಕ್ಕಿ ನೋಡಿದಳು, ಅದರ ಮುಂದೆ ನಿಂತ ಜನರನ್ನು ನೋಡಿದಳು.

ಸ್ಟ್ಯಾನ್ಲಿ ಕೈ ಕಟ್ಟಿ ನಿಂತಿದ್ದ, ಕಂಬಳಿ ಮುಟ್ಟಲಿಲ್ಲ. ಬಸಯ್ಯ ಕೈ ಚಾಚಿದ. ಆದರೆ ಅವನಿಗಿಂತ ಮೊದಲು ಇಸಾಬೆಲ್ಲಾ ಬಂದು ಕಂಬಳಿಯನ್ನು ತಾನೇ ಬಿಡಿಸಿದಳು.

ಒಳಗಿದ್ದದ್ದು ಉಕ್ಕಿನ ಒಂದು ಹಿಡಿಕೆ. ಗೋಡೆಗೆ ಸ್ಕ್ರೂ ಹಾಕಲು ಎರಡು ತುದಿಗೂ ತಗಡು ಬೆಸೆದಿತ್ತು.

"ಇದು ನನಗೆ," ಎಂದಳು. "ಬಾತ್‌ರೂಮಿಗೆ. ನನಗೆ ತಲೆ ತಿರುಗಿ ಬೀಳುವ ಕಾಯಿಲೆ ಉಂಟು. ಶಾಲೆಯಲ್ಲಿ ಗೊತ್ತಾದರೆ ಕ್ಲಾಸಿಗೆ ಕಳಿಸ್ಲಿಕ್ಕಿಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ಇವರು ಅದಕ್ಕೇ ಬೇಡ ಅಂದದ್ದು."

ಅಫ್ವಾನ್ ಬೇರೆ ಕಡೆ ತಿರುಗಿದ. ಅವನ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ಆಕಾಶ ಎಲ್ಲರ ಹಿಂದೆ, ಗೋಡೆಗೆ ಒರಗಿದಂತೆ ನಿಂತಿದ್ದ. ಬಸಯ್ಯ "ತಪ್ಪಾತ್ರಿ" ಎಂದ. ಅದು ಯಾರಿಗಾದರೂ ಕೇಳಿಸಿತೋ ಇಲ್ಲವೋ. ಇಸಾಬೆಲ್ಲಾ ಕಂಬಳಿಯನ್ನು ಮೊದಲಿನಂತೆಯೇ ಸುತ್ತಿಟ್ಟು, ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು ಬಂದ ದಾರಿಯಲ್ಲೇ ಹೋದಳು. ಸ್ಟ್ಯಾನ್ಲಿ ಡಿಕ್ಕಿ ಮುಚ್ಚಿದ. ಡಬ್ಬಿಯನ್ನು ತೆರೆಯದೆ ಮೇಜಿನ ಮೇಲಿಟ್ಟು, ಸ್ಟೋರಿನೊಳಗೆ ಹೋಗಿ ಕುಳಿತ.

ಬಸಯ್ಯನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಬೀದಿಯ ತುದಿಯ ಕೆಫೆಟೀರಿಯಾದಲ್ಲಿ ಹೋಗಿ ಕುಳಿತ. ಹಸಿವಿರಲಿಲ್ಲ, ಏನಾದರೂ ಹೇಳಬೇಕಲ್ಲ ಎಂದು ಪರೋಟ ಹೇಳಿದ. ಕಣ್ಣ ಮುಂದೆ ಆ ಹಿಡಿಕೆಯೇ ಬರುತ್ತಿತ್ತು. ತಾಮ್ರದ ಕೇಬಲ್ ಪತ್ತೆ ಮಾಡಿದ ದಿನ ಜನ ಬೆನ್ನು ತಟ್ಟಿದ್ದು, ಅದನ್ನು ತಾನು ಅಲ್ ಹೈಲ್‌ನ ಸ್ನೇಹಿತರಿಗೆಲ್ಲ ಹೇಳಿಕೊಂಡು ತಿರುಗಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಒಬ್ಬ ಹೆಣ್ಣುಮಗಳು ಮುಚ್ಚಿಟ್ಟುಕೊಂಡ ಕಾಯಿಲೆಯನ್ನು ಬೀದಿಯಲ್ಲಿ ಬಾಯಿಬಿಡಿಸಿದ್ದೇ ಇವತ್ತಿನ ತನ್ನ ಪತ್ತೇದಾರಿಕೆ.

ತಟ್ಟೆಯ ಅಂಚಿನಲ್ಲಿದ್ದ ನಿಂಬೆಹೋಳನ್ನು ಹಿಂಡಿದ. ತೋರುಬೆರಳು ಚುರ್ ಎಂದಿತು.

ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಚರ್ಮದಲ್ಲಿ ಕೂದಲೆಳೆಯಷ್ಟು ತೆಳ್ಳನೆಯದೊಂದು ಹೊಳೆಯುತ್ತಿತ್ತು. ಉಗುರಿನಿಂದ ಕಿತ್ತು ಬಿಳಿ ಕಾಗದದ ಕರವಸ್ತ್ರದ ಮೇಲಿಟ್ಟ. ಸುರುಳಿ ಸುತ್ತಿಕೊಂಡ ಉಕ್ಕಿನ ಎಳೆ. ಲೋಹ ಕೊರೆಯುವಾಗ ಏಳುವ ಸಿಪ್ಪೆ.

ಇದು ಎಲ್ಲಿ ಚುಚ್ಚಿತು? ಸಲಾಕೆಯಲ್ಲೇ? ಅದರ ತುದಿಗಳು ನುಣುಪಾಗಿದ್ದವು. ಕಾರಿನ ಡಿಕ್ಕಿಯಲ್ಲೇ? ಅವನು ಏನನ್ನೂ ಮುಟ್ಟಿರಲಿಲ್ಲ. ಬೆರಳು ಹೊರಳಾಡಿದ್ದು ಒಂದೇ ಒಂದು ವಸ್ತುವಿನ ಮೇಲೆ.

ಬಸಯ್ಯ ಎದ್ದ. ಪರೋಟ ಹಾಗೆಯೇ ಉಳಿಯಿತು.

ಕಾರಿನಲ್ಲಿದ್ದ ತನ್ನ ಕ್ಯಾಮೆರಾದ ಪೆಟ್ಟಿಗೆ ತೆಗೆದುಕೊಂಡು ಒಳಗೆ ಹೋದಾಗ ಖಲ್ಫಾನ್ ನಮಾಜಿಗೆ ಹೊರಡುವ ಸಿದ್ಧತೆಯಲ್ಲಿದ್ದ. ಸ್ವಲ್ಪ ಹೊತ್ತು ಕೊಡಿ ಎಂದು ಬಸಯ್ಯ ಕೇಳಿಕೊಂಡ. ಈ ಸಲ ಯಾರನ್ನೂ ಪ್ರಶ್ನಿಸಲಿಲ್ಲ. ಸುಮ್ಮನೆ ವರ್ಕ್‌ಶಾಪನ್ನು ಒಂದು ಸುತ್ತು ಹಾಕಿದ. ಉಕ್ಕಿನ ಬೀರು ಬೀಗವಿಲ್ಲದೆ ತೆರೆದೇ ಇತ್ತು. ಬಾಗಿಲಲ್ಲಿ ಕ್ಯಾಮೆರಾ ಇದೆ. ಆಯುಧದ ಭಾಗವನ್ನು ಹೊರಗೆ ಒಯ್ಯುವ ಧೈರ್ಯ ಸುಲಭವಲ್ಲ. ಡ್ರಾಯರುಗಳಲ್ಲಿ ಅಷ್ಟುದ್ದದ್ದು ಹಿಡಿಸುವುದಿಲ್ಲ. ಸ್ಟೋರಿನ ಸಲಾಕೆಗಳ ನಡುವೆ ಇಟ್ಟರೆ ಸ್ಟ್ಯಾನ್ಲಿಯ ಕಣ್ಣಿಗೆ ಬೀಳುತ್ತದೆ. ಮೂಲೆಯಲ್ಲಿ ಮೋಟಾರು ಸುಟ್ಟು ಬಹಳ ಕಾಲದಿಂದ ನಿಂತಿದ್ದ ಹಳೆಯ ಲೇಥ್ ಒಂದಿತ್ತು. ಮೈತುಂಬ ಧೂಳು. ಅದರ ತಲೆಭಾಗದಲ್ಲಿ ಉದ್ದಕ್ಕೂ ಪೊಳ್ಳಾದ ಕೊಳವೆ. ಕೊರೆಯಬೇಕಾದ ಸಲಾಕೆಯನ್ನು ತೂರಿಸುವ ಜಾಗ. ಅದರ ಬಾಯಿಗೆ ಒಂದು ಬಟ್ಟೆ ತುರುಕಿತ್ತು. ಧೂಳಿನ ಯಂತ್ರದಲ್ಲಿ ಆ ಬಟ್ಟೆಯೊಂದೇ ಸ್ವಚ್ಛವಾಗಿತ್ತು.

ಬಸಯ್ಯ ಕೇಬಲ್ ಒಳಗೆ ಬಿಟ್ಟ. ಪುಟ್ಟ ಪರದೆಯ ಮೇಲೆ ಉಕ್ಕಿನ ಒಂದು ತುದಿ ಕಾಣಿಸಿತು. ನಡುವೆ ದುಂಡಗಿನ ಕಪ್ಪು ತೂತು.

ಅವನು ಪರದೆ ಆರಿಸಿ, ಯಂತ್ರಕ್ಕೆ ಕೈ ಊರಿ ನಿಂತ. ಆಕಾಶ ದೂರದಿಂದ ನೋಡುತ್ತಿದ್ದ. ಇಬ್ಬರ ಕಣ್ಣೂ ಸೇರಿದವು. ಇದನ್ನು ಮೆತ್ತಗೆ ಮುಗಿಸುವ ದಾರಿ ಇತ್ತು. ನಳಿಗೆ ಹಳೆಯ ಲೇಥಿನಲ್ಲಿ ಸಿಕ್ಕಿತು, ಯಾರು ಇಟ್ಟರೋ ಗೊತ್ತಿಲ್ಲ ಎಂದರೆ ಖಲ್ಫಾನ್ ದೇವರಿಗೆ ವಂದಿಸಿ ಸುಮ್ಮನಾಗುತ್ತಿದ್ದ. ಮಾಧುರಿಯ ತಮ್ಮನ ಕೆಲಸ ಉಳಿಯುತ್ತಿತ್ತು. ಆದರೆ ಅರ್ಧ ಸಂಶಯ ಸ್ಟ್ಯಾನ್ಲಿಯ ಮೇಲೆಯೇ ಉಳಿಯುತ್ತಿತ್ತು.

ಡಿಕ್ಕಿಯನ್ನು ಎಲ್ಲರ ಎದುರು ತೆರೆಸಿದ್ದ. ಇದನ್ನೂ ಎಲ್ಲರ ಎದುರೇ ಹೇಳಬೇಕಿತ್ತು.

ಎಲ್ಲರನ್ನೂ ಕರೆದ. ಸ್ಟೋರಿನ ಬಾಗಿಲಿಗೆ ಹೋಗಿ ಸ್ಟ್ಯಾನ್ಲಿಯನ್ನೂ ಕೈಮುಗಿದು ಕರೆದ. ಖಲ್ಫಾನನಿಗೂ ರಯ್ಯಾಳಿಗೂ ಇಂಗ್ಲಿಷಿನಲ್ಲಿ, ಉಳಿದವರಿಗೆ ಕನ್ನಡದಲ್ಲಿ, ನಿಧಾನವಾಗಿ ವಿವರಿಸಿದ.

ನಾವೆಲ್ಲ ಕೀಲಿಯ ಹಿಂದೆ ಬಿದ್ದೆವು ಎಂದ. ಬೀರುವಿಗೆ ಬೀಗ ಇರುವುದು ರಾತ್ರಿ ಮತ್ತು ರಜೆಯಲ್ಲಿ. ಕೆಲಸದ ದಿನ ಬೆಳಿಗ್ಗೆ ಸ್ಟ್ಯಾನ್ಲಿ ಅದನ್ನು ತೆರೆದಿಡುತ್ತಾರೆ, ಏಕೆಂದರೆ ಲೇಥಿನವನು ಹಗಲೆಲ್ಲ ಅದರಿಂದ ತೆಗೆಯುತ್ತ ಇಡುತ್ತ ಇರಬೇಕು. ಕೀಲಿಯೇ ಬೇಕಿಲ್ಲದ ಕಳವಿಗೆ ಕೀಲಿ ಇದ್ದವನನ್ನು ಹಿಡಿದೆವು.

ಎರಡನೆಯದು ಸಲಾಕೆ. ಮೋಸಕ್ಕೆಂದು ಇಟ್ಟ ಸಲಾಕೆಯ ತುದಿಯನ್ನು ಯಾರಾದರೂ ಅಷ್ಟು ಚೆಂದ ನುಣುಪು ಮಾಡುತ್ತಾರೆಯೇ? ಹೊರಗಿನ ಅಂಗಡಿಯವನಾಗಿದ್ದರೆ ಗರಗಸದಲ್ಲಿ ಕೊಯ್ದು ಬಿಸಾಡುತ್ತಿದ್ದ. ಒರಟು ತುದಿಯನ್ನು ಹಾಗೇ ಬಿಡಲು ಕೈ ಬಾರದವನೊಬ್ಬ ಅದನ್ನು ಮಾಡಿದ್ದಾನೆ.

"ಇಷ್ಟ ಆಗಿದ್ರ ನಾ ಯಾರ ಹೆಸರೂ ಹೇಳ್ತಿದ್ದಿಲ್ಲ," ಎಂದು ಬಸಯ್ಯ ಕಾಗದದ ಕರವಸ್ತ್ರ ಬಿಡಿಸಿ ಮೇಜಿನ ಮೇಲಿಟ್ಟ. ಉಕ್ಕಿನ ಎಳೆ ಹೊಳೆಯಿತು. "ಇದು ನನ್ನ ಬೆರಳಾಗ ಚುಚ್ಚಿಕೊಂಡಿತ್ತು. ಬಂದದ್ದು ಹೊಸ ರೀಮರಿನಿಂದ. ಇನ್ನೂ ಯಾವ ಉಕ್ಕನ್ನೂ ಮುಟ್ಟಿಲ್ಲ ಅಂತ ನನಗ ತೋರಿಸಿದ ರೀಮರ್. ಆ ಅಳತಿಯದು ಇಲ್ಲಿ ಅದೊಂದ ಐತಿ. ಆ ಅಳತಿಯ ನಳಿಗೀನೂ ಒಂದ. ನಳಿಗಿ ಕೆಲಸಾ ಸುರು ಆಗೂಕಿಂತ ಮೊದಲ ಹೋಗಿದ್ರ, ರೀಮರ್ ಕೊರದದ್ದು ಏನನ್ನ?"

ಅವನು ಮೂಲೆಯ ಹಳೆಯ ಲೇಥಿನ ಕಡೆ ಕೈ ತೋರಿಸಿದ.

"ನಳಿಗಿ ಕಳುವಾಗಿಲ್ಲ. ಕೆಟ್ಟೈತಿ. ಕೆಡಿಸಿದಾಂವ ಅದನ್ನ ಆ ಹಳೇ ಲೇಥಿನಾಗ ಮುಚ್ಚಿಟ್ಟಾನ." ಬಸಯ್ಯ ಹುಡುಗನ ಕಡೆಗೇ ತಿರುಗಿದ. "ಆಕಾಶ. ನನ್ನ ಹೆಂಡತಿ ತಮ್ಮ."

ಆಕಾಶ ತಾನೇ ಹೋಗಿ ಬಟ್ಟೆ ಕಿತ್ತು ನಳಿಗೆಯನ್ನು ಹೊರಗೆಳೆದ. ರಯ್ಯಾಳ ಮುಂದೆ ಮೇಜಿನ ಮೇಲಿಟ್ಟ. ಆಮೇಲೆ ನಡೆದದ್ದನ್ನು ಹೇಳತೊಡಗಿದ.

ಅಂಥ ನಳಿಗೆಯ ತೂತು ಒಂದು ತುದಿಯ ಕಡೆಗೆ ಬರಬರುತ್ತ ಕೂದಲಿನಷ್ಟು ಬಿಗಿಯಾಗುತ್ತದೆ. ಗುಂಡು ಆ ಬಿಗಿ ತುದಿಯಿಂದಲೇ ಹೊರಬೀಳಬೇಕು, ಅದರಿಂದಲೇ ಗುರಿ. ದುಬಾರಿ ಕಂಪನಿಯವರು ಯಾವ ತುದಿ ಯಾವುದೆಂದು ಆಳವಾಗಿ ಅಚ್ಚೊತ್ತುತ್ತಾರೆ. ಇವರು ಒಂದು ಬಣ್ಣದ ಚುಕ್ಕೆ ಇಟ್ಟಿದ್ದರು. ಬಂದ ದಿನ ಎಣ್ಣೆ ಒರೆಸುವಾಗ ಚುಕ್ಕೆ ಅಳಿಸಿಹೋಗಿತ್ತು. ಸೀಸದ ತುಂಡೊಂದನ್ನು ಒಳಗೆ ತಳ್ಳಿ ನೋಡಿದ್ದರೆ ಬಿಗಿ ಎಲ್ಲಿದೆ ಎಂದು ಕೈಗೆ ಗೊತ್ತಾಗುತ್ತಿತ್ತು. ಅವನು ನೋಡಲಿಲ್ಲ. ತನಗೆ ನೆನಪಿದೆ ಎಂದುಕೊಂಡ. ಗುಂಡಿನ ಗೂಡು ಕೊರೆದು ಮುಗಿಸಿದ ಮೇಲೆ ಏಕೋ ಅನುಮಾನ ಬಂದು ಸೀಸ ತಳ್ಳಿದ. ಕೊರೆದದ್ದು ತಪ್ಪು ತುದಿಗೆ. ಗಾಬರಿಯಲ್ಲಿ ರೀಮರನ್ನು ಒರೆಸದೆ ಡ್ರಾಯರಿಗೆ ಹಾಕಿದ.

"ನಾಳೆ ಹೇಳೂಣು ಅಂದ್ಕೊಂಡೆ," ಎಂದ. "ಕೊಳವಿ ಹಗುರ ಅನಸಬಾರದು ಅಂತ ಸಲಾಕಿ ಇಟ್ಟೆ. ಮರುದಿನ ಮತ್ತ ನಾಳೆ ಅಂದ್ಕೊಂಡೆ. ಅಗ್ಗದ್ದು ತಗೊಂಡ್ರ ಹಿಂಗ ಆಗೂದು ಅಂತ ಎಲ್ಲಾರೂ ಅವರಿಗೆ ಅಂತಾರ. ನಳಿಗಿ ಚಲೋನ ಇತ್ತು. ಕೈ ನಂದು."

ಅದನ್ನು ಅವನು ರಯ್ಯಾಳಿಗೆ ಇಂಗ್ಲಿಷಿನಲ್ಲಿ ಮತ್ತೆ ಹೇಳಬೇಕಾಯಿತು. ಅವಳು ಕೊನೆಯವರೆಗೂ ಕೇಳಿದಳು. ಇದನ್ನು ಸರಿಮಾಡಲು ಬರುತ್ತದೆಯೇ ಎಂದಷ್ಟೇ ಕೇಳಿದಳು. ಬರುತ್ತದೆ ಎಂದ ಆಕಾಶ, ನೆಲ ನೋಡುತ್ತ. ಕೊರೆದ ಭಾಗ ಕತ್ತರಿಸಿ ಬಿಸಾಡಿ, ನಳಿಗೆಯನ್ನು ತಿರುಗಿಸಿ, ಇನ್ನೊಂದು ತುದಿಗೆ ಹೊಸದಾಗಿ ಗೂಡು ಕೊರೆದರೆ ಆಯಿತು. ನಾಲ್ಕು ಬೆರಳು ಮೊಟಕಾಗುತ್ತದೆ. ಮುಂದಕ್ಕೆ ಹಗುರವಾದ ಕೊಳವೆಯೊಂದನ್ನು ಜೋಡಿಸಿ ಗುರಿ ನೋಡುವ ಸೈಟನ್ನು ಅದರ ಮೇಲೆ ಕೂರಿಸಬಹುದು. ಎಷ್ಟೋ ಶೂಟರುಗಳು ಬೇಕೆಂದೇ ಹಾಗೆ ಮಾಡಿಸುತ್ತಾರೆ.

"ಅಂದರೆ ಆ ದಿನವೇ ಹೇಳಿದ್ದರೂ ಸರಿಹೋಗುತ್ತಿತ್ತು," ಎಂದಳು ರಯ್ಯಾ.

ಆಕಾಶ ಹೌದೆಂದು ತಲೆಯಾಡಿಸಿದ.

ಖಲ್ಫಾನ್ ನಳಿಗೆಯನ್ನು ಎತ್ತಿ ಎರಡೂ ತುದಿ ನೋಡಿದ. ಆಯುಧದ ಭಾಗ ಬಾಗಿಲು ದಾಟಿಲ್ಲ, ಠಾಣೆಯ ಪ್ರಶ್ನೆ ಇಲ್ಲ, ಆ ಮಾತು ಖಲಾಸ್ ಎಂದ. ಆದರೆ ಈ ಹುಡುಗನನ್ನು ಇಟ್ಟುಕೊಳ್ಳಬೇಕೋ ಬೇಡವೋ ನಾನು ಹೇಳುವುದಿಲ್ಲ ಎಂದು ಸ್ಟ್ಯಾನ್ಲಿಯ ಕಡೆ ತಿರುಗಿದ.

ಸ್ಟ್ಯಾನ್ಲಿ ಆಕಾಶನನ್ನು ನೋಡಲಿಲ್ಲ. "ಕೆಲಸ ಮಾಡ್ಲಿ. ಆ ಹುಡುಗಿಯ ಬ್ಯಾರಲ್ ಅವನೇ ಸರಿ ಮಾಡಿ ಕೊಡ್ಲಿ. ನನ್ನ ಹತ್ತಿರ ಮಾತಾಡ್ಲಿಕ್ಕೆ ಮಾತ್ರ ಬರುವುದು ಬೇಡ."

ಮುಂದೆ ಆ ರೈಫಲ್ ಸಿದ್ಧವಾಯಿತು. ರಯ್ಯಾ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿರುವಾಗಲೇ ಆಕಾಶ ಸೀಸ ತಳ್ಳಿದ, ಅವಳ ಕೈಯಿಂದಲೂ ತಳ್ಳಿಸಿದ, ಆಮೇಲೆ ಕೊರೆದ. ಸ್ಪರ್ಧೆಯಲ್ಲಿ ಅವಳಿಗೆ ಪದಕ ಬರಲಿಲ್ಲ. ಆದರೆ ಕ್ಲಬ್ಬಿನ ರೈಫಲ್ಲಿನಲ್ಲಿ ಎಂದೂ ಬಾರದಷ್ಟು ಅಂಕ ಬಂತು. ನಳಿಗೆ ಯಾವ ಕಂಪನಿಯದೆಂದು ಅವಳ ಕೋಚ್ ತಾವಾಗಿ ಕೇಳಿ ಬರೆದುಕೊಂಡರಂತೆ.

ಅದು ಆಮೇಲಿನ ಮಾತು. ಆ ದಿನ ವರ್ಕ್‌ಶಾಪಿನಿಂದ ಹೊರಟವರು ಬಸಯ್ಯ, ಆಕಾಶ ಇಬ್ಬರೂ ನೆಟ್ಟಗೆ ಸ್ಟ್ಯಾನ್ಲಿಯ ಮನೆಗೆ ಹೋದರು. ಇಸಾಬೆಲ್ಲಾ ಬಾಗಿಲು ತೆರೆದಳು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಆಕಾಶ ನಡೆದದ್ದನ್ನೆಲ್ಲ ಹೇಳಿದ. ಸ್ಟ್ಯಾನ್ಲಿಯ ಹೆಸರನ್ನು ತಾನೇ ಮುಂದೆ ಮಾಡಿದ್ದು, ಡಿಕ್ಕಿ ತೆರೆದಾಗ ಬಾಯಿ ಬಿಡದೆ ನಿಂತದ್ದು, ಎಲ್ಲವನ್ನೂ. ಬಸಯ್ಯ ಕ್ಷಮೆ ಕೇಳಿದ. ಶಾಲೆಯವರ ಹತ್ತಿರ ಬಂದು ತಾನೇ ಮಾತನಾಡಲೇ ಎಂದು ಕೇಳಿದ.

"ನೀವು ಬಂದು ಎಂತ ಹೇಳ್ತೀರಿ?" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಬೇರೆಯವರ ಬಾಯಿಂದ ಹೋಗುವ ಮೊದಲು ನಾಳೆ ನಾನೇ ಹೇಳ್ತೇನೆ. ಬ್ಯಾರಲ್ ಸಿಕ್ಕಿತಲ್ಲ?"

"ಸಿಕ್ಕತ್ರಿ."

"ಹಾಗಾದರೆ ನಿಮ್ಮ ಕೆಲಸ ಮುಗೀತು."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಅಲ್ ಹೈಲ್ ಕಡೆಗೆ ಕಾರು ಓಡುತ್ತಿದ್ದಾಗ ಮಾಧುರಿಯ ಫೋನು ಬಂತು. ಬಸಯ್ಯ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಫೋನನ್ನು ಆಕಾಶನ ಕೈಗೆ ಕೊಟ್ಟ.

"ಅಕ್ಕಾ," ಎಂದ ಆಕಾಶ. ಈ ಸಲ ನಾಳೆ ಎನ್ನಲಿಲ್ಲ. ಏನನ್ನೂ ಬಿಡದೆ ಹೇಳಿದ. ಆ ಕಡೆಯಿಂದ ಅಳು ಕೇಳಿಸಿತು, ಆಮೇಲೆ ಅದೂ ನಿಂತಿತು.

ಅವನು ಫೋನ್ ಇಡಲು ಹೋದಾಗ ಬಸಯ್ಯ ಕೈ ಚಾಚಿ ಇಸಿದುಕೊಂಡ.

"ಇಡಬ್ಯಾಡ, ಮಾಧುರಿ," ಎಂದ. "ಅವನ ತಪ್ಪಷ್ಟ ಕೇಳಿದಿ. ಇನ್ನ ನಂದು ಹೇಳ್ತೀನಿ."